ಸಿದ್ದಿಗಳನ್ನು ‘ನಿಮ್ಮ ಮೂಲ ಯಾವುದು’ ಅಂತ ಕೇಳಿದರೆ ತಪ್ಪಾ?

ಪ್ರಶ್ನೆ: ಯಲ್ಲಾಪುರದ ಕಡೆ ಹೋದಾಗ ಸಿದ್ದಿ ಜನ ಸಿಗುತ್ತಾರೆ. ‘ನಿಮ್ಮ ಮೂಲ ಯಾವುದು?’ ಅಂದರೆ ಕೆಲವರು ಮುಖ ತಿರುಗಿಸುತ್ತಾರೆ. ಸುಮ್ನೆ ಕುತೂಹಲಕ್ಕೆ ಕೇಳಿದ್ದು ತಪ್ಪಾ?

ಉತ್ತರ: ಕುತೂಹಲ ತಪ್ಪಲ್ಲ. ಮಲೆನಾಡಿನಲ್ಲಿ ಮಾತು ಶುರುವಾಗುವುದೇ ‘ಯಾವೂರಾಯ್ತು?’ ಅಂತ. ಎದುರಿನವರು ‘ತೀರ್ಥಹಳ್ಳಿ’ ಅಂದರೆ, ‘ಅಲ್ಲಿ ಯಾರ ಮನೆ?’ ಅಂತ ಮಾತು ಮುಂದುವರಿಯುತ್ತದೆ. ಸಿದ್ದಿಯೊಬ್ಬರು ‘ಯಲ್ಲಾಪುರ’ ಅಂದಾಗ ಮಾತ್ರ, ‘ಅದಲ್ಲ, ಮೂಲ?’ ಅಂತ ಮತ್ತೆ ಕೇಳುತ್ತೇವೆ. ನೋಯಿಸುವುದು ಈ ಎರಡನೇ ಪ್ರಶ್ನೆ. ಅವರು ಹೇಳಿದ ಊರನ್ನು ನಾವು ಒಪ್ಪಲಿಲ್ಲ ಅಂತಾಯ್ತು, ಅಲ್ವಾ?

ಮೂಲ ಹುಡುಕಲು ಹೊರಟರೆ ಮಲೆನಾಡಿನಲ್ಲಿ ಹೊರಗಿಂದ ಬಂದವರು ಅನೇಕರು ಸಿಗುತ್ತಾರೆ. ಹವ್ಯಕರನ್ನು ಕದಂಬರ ಮಯೂರವರ್ಮ ಉತ್ತರ ಭಾರತದ ಅಹಿಚ್ಛತ್ರದಿಂದ ಕರೆತಂದ ಎಂಬ ಐತಿಹ್ಯವಿದೆ. ಶಿವಮೊಗ್ಗದ ಪಕ್ಕದ ಮತ್ತೂರಿನ ಸಂಕೇತಿಗಳ ಹಿರಿಯರು ತಮಿಳು ಸೀಮೆಯ ಸೆಂಗೋಟೈ ಕಡೆಯವರು. ಇವರನ್ನೆಲ್ಲ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಯಾರೂ ಮೂಲ ಕೇಳುವುದಿಲ್ಲ. ಸಿದ್ದಿಗಳನ್ನು ಕೇಳುವುದು ಅವರ ಕೂದಲು, ಮೈಬಣ್ಣ ನೋಡಿ. ಅದು ಅವರಿಗೂ ತಿಳಿಯುತ್ತದೆ.

ಇನ್ನು ಆ ಮೂಲದ ಕಥೆಯಾದರೂ ಎಂಥದ್ದು? 16ನೇ ಶತಮಾನದಿಂದ ಪೋರ್ಚುಗೀಸರು ಆಫ್ರಿಕಾದ ಜನರನ್ನು ಗುಲಾಮರಾಗಿ ಗೋವಾಕ್ಕೆ ತಂದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಅವರ ಪೀಳಿಗೆಯವರು ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಸುತ್ತ ಇದ್ದಾರೆ. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ. ಹಿಂದೂ, ಮುಸ್ಲಿಂ, ಕ್ರೈಸ್ತರು ಮೂವರೂ ಅವರಲ್ಲಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ ಸದಸ್ಯರಾದರು. ಇಷ್ಟು ಶತಮಾನ ಇಲ್ಲೇ ಬಾಳಿದವರನ್ನು, ಗುರುತು ಪರಿಚಯ ಇಲ್ಲದವರ ಮುಂದೆ ರಸ್ತೆಯಲ್ಲಿ ನಿಂತು ಗುಲಾಮಗಿರಿಯ ಕಥೆ ಹೇಳಿ ಅನ್ನುವುದು ನನಗಂತೂ ಸರಿ ಕಾಣುವುದಿಲ್ಲ.

ಹಾಗಾದರೆ ಮಾತಾಡುವುದು ಹೇಗೆ? ಕನ್ನಡದಲ್ಲೇ ಶುರು ಮಾಡಿ. ‘ಯಾವೂರಾಯ್ತು?’ ಅಂತಲೇ ಕೇಳಿ. ಹೇಳಿದ ಊರನ್ನೇ ಹಿಡಿದು ಮುಂದುವರಿಸಿ. ಈ ಸಲ ಮಳೆ ಹೇಗೆ, ಗದ್ದೆ ಕೆಲಸ ಎಲ್ಲಿಗೆ ಬಂತು ಅಂತ ಕೇಳಿದರೆ ಸಾಕು, ಮಾತು ತಾನೇ ಬೆಳೆಯುತ್ತದೆ. ಕೇಳದೆ ಫೋಟೋ ತೆಗೆಯಬೇಡಿ. ಮಕ್ಕಳ ಕೂದಲು ಮುಟ್ಟಿ ನೋಡುವುದಂತೂ ಬೇಡವೇ ಬೇಡ. ಹಿರಿಯರ ಕಥೆ ತಿಳಿಯುವ ಆಸೆ ನಿಜವಾಗಿ ಇದ್ದರೆ, ಸಿದ್ದಿಗಳು ತಮ್ಮ ಚರ್ಮವಾದ್ಯ ಡಮಾಮಿ ಬಾರಿಸಿ ಕುಣಿಯುವ ಕಡೆ ಹೋಗಿ ಕೂತು ನೋಡಿ. ಪರಿಚಯವಾದ ಮೇಲೆ ಅವರಾಗಿ ಹೇಳಿದಷ್ಟು ಕೇಳಿಸಿಕೊಳ್ಳಿ. ನಿಮ್ಮ ಮನೆತನ ಎಲ್ಲಿಂದ ಬಂತು ಅನ್ನುವುದನ್ನೂ ಅವರಿಗೆ ಹೇಳಿ.