ಹೂಳೆತ್ತುವ ಮೊದಲು ಒಂದು ಪೈಪು ಇಳಿಸಿ

ಹರಿಗೋಲಿನಲ್ಲಿ ಕೂತು ಹೂಳಿನ ಮಾದರಿ ತೆಗೆಯುವುದು ನೋಡಲು ಸುಲಭ. ಒಂದು ಮೀಟರ್ ಉದ್ದದ ಪಾರದರ್ಶಕ ಪೈಪು, ಅದರ ತಲೆಗೆ ತೂಕ, ಒಂದು ಹಗ್ಗ. ನೆಟ್ಟಗೆ ಇಳಿಸಬೇಕು, ತಳ ಮುಟ್ಟಿದ ಮೇಲೆ ಮೆಲ್ಲಗೆ ಒತ್ತಬೇಕು, ಮೇಲ್ಬಾಯಿ ಮುಚ್ಚಿ ಎಳೆಯಬೇಕು. ಪೈಪು ನೀರಿನಿಂದ ಹೊರಬರುವ ಮೊದಲೇ ಕೈ ಇಳಿಬಿಟ್ಟು ಕೆಳಬಾಯಿಗೆ ರಬ್ಬರ್ ಬಿರಡೆ ಕೊಡಬೇಕು. ಆ ಒಂದು ಕ್ಷಣ ತಪ್ಪಿದರೆ ಅರ್ಧ ಗಂಟೆಯ ಕೆಲಸ ಬುಳುಕ್ ಅಂತ ಕೆಳಗೆ ಹೋಗುತ್ತದೆ. ನನ್ನ ಮೊದಲ ಮೂರು ಪೈಪು ಹಾಗೇ ಹೋದವು.

ಬಯಲುಸೀಮೆಯ ಒಂದು ಕುಡಿಯುವ ನೀರಿನ ಜಲಾಶಯ ಅದು. ನಾಲ್ಕನೆಯ ಪೈಪು ಸರಿಯಾಗಿ ಬಂತು. ಮೇಲೆ ಒಂದು ಗೇಣು ತಿಳಿನೀರು. ಅದರ ಕೆಳಗೆ ಅಂಬಲಿಯಂಥ ಕಪ್ಪು ಕೆಸರು, ಕೊಳೆತ ಮೊಟ್ಟೆಯ ವಾಸನೆ. ಇನ್ನೂ ಕೆಳಗೆ ಬೂದು ಬಣ್ಣ, ಸ್ವಲ್ಪ ಗಟ್ಟಿ. ತಳದ ನಾಲ್ಕು ಬೆರಳು ಮಾತ್ರ ಅಪ್ಪಟ ಕೆಂಪು ಮಣ್ಣು, ಅದರೊಳಗೆ ಕೂದಲಿನಂಥ ಹುಲ್ಲಿನ ಬೇರುಗಳು. ನೀರು ನಿಲ್ಲುವ ಮೊದಲು ಅದು ಯಾರದೋ ಹೊಲ.

ಹುಟ್ಟು ಹಾಕುತ್ತಿದ್ದ ಮೀನುಗಾರರು ನಕ್ಕರು. "ಇದಕ್ಕೆ ಇಷ್ಟು ಒದ್ದಾಟಾನಾ ಸಾರ್? ಗೋಡು ತಾನೆ. ನಮ್ಮಪ್ಪ ಬೇಸಿಗೇಲಿ ಕೆರೆ ಗೋಡನ್ನ ಗಾಡಿಗಟ್ಟಲೆ ಹೊಲಕ್ಕೆ ಹೊಡೀತಿದ್ದ. ಆ ವರ್ಷ ಬೇರೆ ಗೊಬ್ಬರಾನೇ ಬೇಕಿರ್ಲಿಲ್ಲ."

ನಾನು ಪಾಠದಲ್ಲಿ ಓದಿದ್ದನ್ನು ಅವರು ಎರಡು ಮಾತಲ್ಲಿ ಮುಗಿಸಿದ್ದರು. ಹೊಲದ ಯೂರಿಯಾ, ಡಿಎಪಿ, ಊರಿನ ಚರಂಡಿ, ಬಟ್ಟೆ ಸೋಪು, ಎಲ್ಲದರ ಸಾರ ಕೊನೆಗೆ ಹರಿದು ಬರುವುದು ಇಲ್ಲಿಗೇ. ನೀರಿನ ಪರೀಕ್ಷೆ ಆವತ್ತಿನ ಸುದ್ದಿ ಮಾತ್ರ ಹೇಳುತ್ತದೆ. ಅದೂ ನೀರು ಹಸಿರಾಗಿ, ಜನ ಕೂಗೆಬ್ಬಿಸಿದ ಮೇಲೆ ಶುರುವಾಗುವ ಪರೀಕ್ಷೆ. ಅದಕ್ಕೂ ಹಿಂದಿನದು ಬೇಕಾದರೆ ಕೆಸರನ್ನೇ ಕೇಳಬೇಕು.

ಕೇಳುವುದರಲ್ಲೂ ಮೋಸ ಹೋಗಬಹುದು. ಶುರುವಿನಲ್ಲಿ ನಾನು ಪದರ ಪದರವಾಗಿ ಫಾಸ್ಫರಸ್ ಅಳೆದೆ. ನೀರನ್ನು ಹಸಿರಾಗಿಸುವ ಪಾಚಿಗೆ ಅದು ಗೊಬ್ಬರ. ಮೇಲಿನ ಪದರಗಳಲ್ಲಿ ಅದು ಜಾಸ್ತಿ ಇತ್ತು. ಮಾಲಿನ್ಯ ಇತ್ತೀಚೆಗೆ ಏರಿದೆ ಎಂದು ಬರೆದುಕೊಂಡು ಹೋದೆ. ನಮ್ಮ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: "ಬಿದ್ದಲ್ಲೇ ಕೂತಿದೆ ಅಂತ ನಿನಗೆ ಯಾರು ಹೇಳಿದ್ರು?"

ಫಾಸ್ಫರಸ್ ಕೆಸರಿನಲ್ಲಿ ಬಹುಮಟ್ಟಿಗೆ ಕಬ್ಬಿಣಕ್ಕೆ ಅಂಟಿಕೊಂಡಿರುತ್ತದೆ. ತಳದ ನೀರಿನಲ್ಲಿ ಆಮ್ಲಜನಕ ಇರುವ ತನಕ ಆ ಅಂಟು ಗಟ್ಟಿ. ಬೇಸಿಗೆಯಲ್ಲಿ ಮೇಲಿನ ನೀರು ಕಾದು, ತಳದ್ದು ತಣ್ಣಗೆ ಬೇರೆಯಾಗಿ ಕೂತು, ಅಲ್ಲಿನ ಆಮ್ಲಜನಕ ತೀರಿದರೆ ಕಬ್ಬಿಣ ಕರಗುತ್ತದೆ. ಫಾಸ್ಫರಸ್ ಬಿಡುಗಡೆಯಾಗಿ ಮೇಲಕ್ಕೆ ಹೊರಡುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಕ್ಲಿಫರ್ಡ್ ಮಾರ್ಟಿಮರ್ 1941-42ರಲ್ಲೇ ಇದನ್ನು ವಿವರವಾಗಿ ತೋರಿಸಿದ್ದರು. ಹಾಗಾಗಿ ಮೇಲಿನ ಪದರದ ಫಾಸ್ಫರಸ್ ಹೊಸದಾಗಿ ಬಂದದ್ದೂ ಇರಬಹುದು, ಕೆಳಗಿನ ಹಳೆಯದು ಹತ್ತಿ ಬಂದದ್ದೂ ಇರಬಹುದು. ಚರಂಡಿ ತಿರುಗಿಸಿದ ಮೇಲೂ ಎಷ್ಟೋ ವರ್ಷ ನೀರು ಹಸಿರಾಗುತ್ತಲೇ ಇರುವುದು ಇದರಿಂದಲೇ. ಅಂಗಡಿಗೆ ಹೋಗುವುದು ನಿಲ್ಲಿಸಿದರೂ ಕಡದ ಪುಸ್ತಕದ ಬಾಕಿ ಹಾಗೇ ಇರುತ್ತಲ್ಲ, ಆ ಥರ.

ಹಾಗಾಗಿ ಜಾಗ ಬಿಟ್ಟು ಕದಲದ ಸಾಕ್ಷಿಗಳು ಬೇಕು. ನನಗೆ ಇಷ್ಟವಾದದ್ದು ಡಯಾಟಮ್. ಗಾಜಿನ ಚಿಪ್ಪಿರುವ ಸೂಕ್ಷ್ಮ ಪಾಚಿ ಇದು. ಸತ್ತರೂ ಚಿಪ್ಪು ಉಳಿಯುತ್ತದೆ. ಕೆಸರನ್ನು ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಬಿಸಿ ಮಾಡಿದರೆ ಕೊಳೆತದ್ದೆಲ್ಲ ಹೋಗಿ ಚಿಪ್ಪು ಸಿಗುತ್ತದೆ. ಸಾವಿರ ಪಟ್ಟು ದೊಡ್ಡದು ಮಾಡಿ ಒಂದೊಂದು ಪದರದಲ್ಲೂ ನಾನೂರು ಐನೂರು ಎಣಿಸಬೇಕು. ಕತ್ತು ಹಿಡಿದುಕೊಳ್ಳುತ್ತದೆ, ಅದು ಬೇರೆ ಮಾತು. ಆದರೆ ಪ್ರತಿ ಜಾತಿಗೂ ತನ್ನದೇ ಇಷ್ಟದ ನೀರು ಇದೆ. ನಿಟ್ಜ್ಷಿಯಾ ಪೇಲಿಯಾ ಎಂಬ ಕಡ್ಡಿಯಂಥ ಡಯಾಟಮ್‌ಗೆ ಚರಂಡಿ ನೀರೆಂದರೆ ತವರುಮನೆ. ಯಾವ ಪದರದಿಂದ ಅದು ಗುಂಪು ಕಟ್ಟಿದೆಯೋ ಅಲ್ಲಿಂದ ಕಥೆ ತಿರುಗಿದೆ.

ತಂದದ್ದು ಯಾರು, ಹೊಲವೋ ಊರೋ? ಇದಕ್ಕೆ ಸಾರಜನಕದ ತೂಕ ನೋಡುತ್ತೇವೆ. ಸಾರಜನಕದಲ್ಲಿ ಹಗುರ 14, ಭಾರದ 15 ಎಂದು ಎರಡು ಬಗೆ. ಕಾರ್ಖಾನೆಯ ಗೊಬ್ಬರ ಗಾಳಿಯಿಂದ ಮಾಡಿದ್ದು, ಅದರಲ್ಲಿ ಇವೆರಡರ ಪಾಲು ಗಾಳಿಯಲ್ಲಿರುವುದರ ಹತ್ತಿರವೇ ಇರುತ್ತದೆ. ಮಲಮೂತ್ರದಲ್ಲಿ ಹಗುರದ್ದು ಅಮೋನಿಯಾ ಆಗಿ ಹಾರಿ, ಭಾರದ್ದರ ಪಾಲು ಹೆಚ್ಚುತ್ತದೆ. ಆದರೆ ಕೊಟ್ಟಿಗೆಯ ಗಂಜಳವೂ ಹಾಗೇ ಕಾಣುತ್ತದೆ. ಆಗ ಕೊಪ್ರೊಸ್ಟನಾಲ್ ಹುಡುಕಬೇಕು. ನಮ್ಮ ಕರುಳಿನಲ್ಲಿ ಕೊಲೆಸ್ಟ್ರಾಲ್‌ನಿಂದ ಆಗುವ ವಸ್ತು ಅದು. ಹುಲ್ಲು ತಿನ್ನುವ ದನದ ಸಗಣಿಯಲ್ಲಿ ಜಾಸ್ತಿ ಸಿಗುವುದು ಅದರ ದಾಯಾದಿ, ಬೇರೆ ವಸ್ತು.

ಇನ್ನು ವರ್ಷದ ಲೆಕ್ಕ. ಸ್ವಿಟ್ಜರ್ಲೆಂಡಿನ ಜ್ಯೂರಿಚ್‌ನವರು ಅದೃಷ್ಟವಂತರು. ಆ ನಗರ ಕುಡಿಯುವ ನೀರಿನ ಬಹುಪಾಲು ಬರುವುದು ಅಲ್ಲಿನ ಸರೋವರದಿಂದ. ಹತ್ತೊಂಬತ್ತನೇ ಶತಮಾನದ ಕೊನೆಗೆ ಕೊಳಚೆ ಸೇರಿ ಅದರ ಆಳದ ಆಮ್ಲಜನಕ ತೀರಿತು. ಕೆಸರು ಕಲಕುವ ಹುಳಗಳು ಸತ್ತವು. ಅಲ್ಲಿಂದಾಚೆ ಬೇಸಿಗೆಗೊಂದು ಸುಣ್ಣದ ಬಿಳಿ ಗೆರೆ, ಚಳಿಗಾಲಕ್ಕೊಂದು ಕಪ್ಪು ಗೆರೆ ಕಲಕದೆ ಉಳಿದವು. ಫ್ರಿಟ್ಜ್ ನಿಪ್ಕೋವ್ ಎಂಬ ಸಂಶೋಧಕರು 1920ರಲ್ಲಿ ಆ ಗೆರೆಗಳನ್ನು ಎಣಿಸಿ, ಯಾವ ವರ್ಷ ಯಾವ ಪಾಚಿ ಎಂದು ಹೇಳಿದರು. 1898ರಲ್ಲಿ ಸರೋವರವನ್ನು ಕೆಂಪಾಗಿಸಿದ ಪಾಚಿಯೂ ಅದರಲ್ಲಿತ್ತು.

ನಮ್ಮ ಜಲಾಶಯಗಳಲ್ಲಿ ಇಂಥ ಗೆರೆಯ ಆಸೆ ಬೇಡ. ಬೇಸಿಗೆಗೆ ನೀರು ಇಳಿದು ಕೆಸರು ಬಿರುಕು ಬಿಡುತ್ತದೆ, ಮೀನು ಕೆದಕುತ್ತದೆ. ಒಂದು ಸೆಂಟಿಮೀಟರ್ ಎಂದರೆ ಒಂದು ವರ್ಷವೂ ಇರಬಹುದು, ಒಂದೇ ರಾತ್ರಿಯ ಮಳೆಯೂ ಇರಬಹುದು. ಅದಕ್ಕೇ ಸೀಸ-210 ಎಂಬ ವಿಕಿರಣ ಸೂಸುವ ಸೀಸ. ಗಾಳಿಯಿಂದ ಮಳೆಯ ಜೊತೆ ಬೀಳುವ ಇದು 22 ವರ್ಷಕ್ಕೆ ಸುಮಾರು ಅರ್ಧವಾಗುತ್ತದೆ. ಎಷ್ಟು ಉಳಿದಿದೆ ಎಂದು ಅಳೆದರೆ ನೂರು ವರ್ಷದ ತನಕ ವಯಸ್ಸು ಸಿಗುತ್ತದೆ. ಅಣುಬಾಂಬ್ ಪರೀಕ್ಷೆಗಳಿಂದ ಬಂದ ಸೀಸಿಯಂ-137 ಎಂಬ ಇನ್ನೊಂದು ವಿಕಿರಣ ವಸ್ತು ಜಾಸ್ತಿ ಬಿದ್ದ 1963 ಇನ್ನೊಂದು ಗುರುತು. ಅಣೆಕಟ್ಟಿನ ಜಲಾಶಯದಲ್ಲಂತೂ ಉಚಿತವಾಗಿ ಮತ್ತೊಂದು ಗುರುತಿದೆ, ತಳದ ಆ ಕೆಂಪು ಮಣ್ಣು. ಗೇಟು ಹಾಕಿದ ವರ್ಷ ಕಡತದಲ್ಲೇ ಇರುತ್ತದಲ್ವಾ?

ತಿಪ್ಪಗೊಂಡನಹಳ್ಳಿಯನ್ನೇ ತೆಗೆದುಕೊಳ್ಳಿ. ಬೆಂಗಳೂರಿಗಾಗಿ 1933ರಲ್ಲಿ ಮುಗಿದ ಜಲಾಶಯ. ದೊಡ್ಡಬಳ್ಳಾಪುರ, ಹೆಸರಘಟ್ಟ ಕಡೆಯಿಂದ ಅರ್ಕಾವತಿ, ಶಿವಗಂಗೆ, ನೆಲಮಂಗಲ ಕಡೆಯಿಂದ ಕುಮುದ್ವತಿ. ಜಲಾನಯನ ಉಳಿಸಲು 2003ರಲ್ಲಿ ಸರ್ಕಾರದ ಅಧಿಸೂಚನೆ ಬಂತು. 2012ರ ಹೊತ್ತಿಗೆ ಅಲ್ಲಿಂದ ನಗರಕ್ಕೆ ನೀರೆತ್ತುವುದು ನಿಂತಿತು. ಇಂಥ ಕಡೆ ನಾನಾದರೆ ಮೂರು ಪೈಪು ಇಳಿಸುತ್ತೇನೆ. ಅರ್ಕಾವತಿ ಬಂದು ಸೇರುವ ಕಡೆ ಒಂದು, ಕುಮುದ್ವತಿ ಕಡೆ ಒಂದು, ಅಣೆಕಟ್ಟಿನ ಹತ್ತಿರ ಆಳದಲ್ಲಿ ಒಂದು. ಯಾವ ಹೊಳೆ ಯಾವ ವರ್ಷದಿಂದ ಏನು ತಂದಿತು ಎಂಬುದನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಒಂದೇ ಪೈಪಿನಿಂದ ಇಡೀ ಜಲಾಶಯದ ತೀರ್ಪು ಕೊಡುವವರನ್ನು ನಾನು ನಂಬುವುದಿಲ್ಲ.

ಇಷ್ಟೆಲ್ಲ ಯಾಕೆ, ಹಸಿರು ನೀರನ್ನು ಕುದಿಸಿ ಕುಡಿದರಾಯಿತು ಎನ್ನುವವರಿದ್ದಾರೆ. ಅಮೆರಿಕದ ಟೊಲೆಡೊದಲ್ಲಿ 2014ರ ಆಗಸ್ಟ್‌ನಲ್ಲಿ ಸುಮಾರು 5 ಲಕ್ಷ ಜನರಿಗೆ ನಲ್ಲಿ ನೀರು ಕುಡಿಯಬೇಡಿ, ಕುದಿಸಲೂ ಬೇಡಿ ಎಂದರು. ಈರಿ ಸರೋವರದ ನೀಲಿ-ಹಸಿರು ಪಾಚಿ ಬಿಟ್ಟ ಮೈಕ್ರೊಸಿಸ್ಟಿನ್ ವಿಷ ನೀರಿಗೆ ಸೇರಿತ್ತು. ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಗಾಢವಾಗುತ್ತದೆ.

ನನ್ನ ತಕರಾರು ಜೆಸಿಬಿ ಮೇಲಲ್ಲ. ಹೂಳು ತೆಗೆಯಲೇಬೇಕಾದ ಜಾಗಗಳಿವೆ. ಆದರೆ ಟೆಂಡರಿನಲ್ಲಿ ಅದು ಬರೀ ಘನಮೀಟರ್. ಒಮ್ಮೆ ಒಂದು ಕೆರೆಗೆ ನಾವು ಪೈಪು ಹಿಡಿದು ಹೋಗುವಷ್ಟರಲ್ಲಿ ನಾಲ್ಕು ದಿನ ಮೊದಲೇ ಕೆಲಸ ಶುರುವಾಗಿತ್ತು. ಎಲ್ಲ ದಶಕಗಳೂ ಒಂದೇ ಗುಡ್ಡೆಯಾಗಿ ದಡದಲ್ಲಿ ಒಣಗುತ್ತಿದ್ದವು. ಮಾದರಿ ತೆಗೆಯಲು ಬೇಕಿದ್ದದ್ದು ಒಂದು ಬೆಳಗ್ಗೆ.

ಆ ನಾಲ್ಕನೆಯ ಪೈಪಿನ ಹೂಳನ್ನು ದಡದಲ್ಲೇ ಒಂದೊಂದು ಸೆಂಟಿಮೀಟರ್ ಕತ್ತರಿಸಿ, ಕವರಿಗೆ ಹಾಕಿ, ಐಸ್ ಡಬ್ಬಿಯಲ್ಲಿಟ್ಟೆವು. ಹೊರಡುವಾಗ ಮೀನುಗಾರರು ಮಿಕ್ಕಿದ್ದೇನಾದರೂ ಇದ್ದರೆ ಮನೆಯ ನುಗ್ಗೆ ಗಿಡಕ್ಕೆ ಬೇಕು ಅಂದರು. ಊರಿನ ಚರಂಡಿ ಸೇರಿದ ಗೋಡಿನಲ್ಲಿ ಸೀಸ, ಕ್ರೋಮಿಯಂ ಇರಬಹುದು, ಪರೀಕ್ಷೆ ಆಗದೆ ಹಾಕಬೇಡಿ ಅಂದೆ. ತಳದ ಕೆಂಪು ಮಣ್ಣಿನಲ್ಲಿ ಒಂದು ಹಿಡಿ ಮಿಕ್ಕಿತ್ತು. ಅದನ್ನು ಕೊಟ್ಟೆ.