ಗೊರ್ದೀತಾಗೆ ಯಾಕೆ ಸುಣ್ಣ ಬೇಕು

ಮೊದಲನೇ ಸಲ ಗೊರ್ದೀತಾ, ಅಂದ್ರೆ ಮೆಕ್ಸಿಕೋದ ದಪ್ಪ ಮೆಕ್ಕೆಜೋಳದ ರೊಟ್ಟಿ, ಮಾಡೋಕೆ ಹೋದಾಗ ನಾನು ಅಂಗಡಿಯಿಂದ ಮೆಕ್ಕೆಜೋಳದ ಹಿಟ್ಟು ತಂದು, ಬಿಸಿನೀರು ಹಾಕಿ ನಾದಿ, ಅಂಗೈಯಲ್ಲಿ ದಪ್ಪಗೆ ತಟ್ಟಿದ್ದೆ. ಅಂಚೆಲ್ಲಾ ಸೀಳ್ತು, ಕಾವಲಿ ಮೇಲೆ ಹಾಕಿದ್ರೆ ಉಬ್ಬಲೇ ಇಲ್ಲ, ಒಳಗೆ ಪಲ್ಯ ತುಂಬೋಣ ಅಂತ ಪಕ್ಕದಿಂದ ಚಾಕು ಹಾಕಿದ ತಕ್ಷಣ ಪುಡಿಪುಡಿಯಾಗಿ ಬಿತ್ತು. ಆಗ ನಾವು ಹ್ಯೂಸ್ಟನ್‌ನಲ್ಲಿದ್ವಿ, ಪಕ್ಕದ ಮನೇಲಿ ಮೆಕ್ಸಿಕೋದ ಸಕಾತೆಕಾಸ್ ಕಡೆಯ ಅಜ್ಜಿ ಒಬ್ಬರಿದ್ರು, ಅವರು ಒಂದು ತುಂಡು ಬಾಯಿಗೆ ಹಾಕ್ಕೊಂಡು ಕೇಳಿದ್ದು ಒಂದೇ ಪ್ರಶ್ನೆ, "ಸುಣ್ಣ ಹಾಕಿದ್ಯಾ?"

ಎಲೆ ಅಡಿಕೆಗೆ ಹಚ್ಚೋ ಸುಣ್ಣ ರೊಟ್ಟಿಗೆ ಯಾಕೆ ಅಂತ ನನಗೆ ಆಗ ಅರ್ಥ ಆಗಿರಲಿಲ್ಲ. ಈಗ ಅನ್ಸುತ್ತೆ, ಮೆಕ್ಸಿಕೋದ ಅಡುಗೇಲಿ ಇರೋ ಅತಿ ದೊಡ್ಡ ವಿಜ್ಞಾನ ಅಂದ್ರೆ ಆ ಒಂದು ಚಮಚ ಸುಣ್ಣಾನೇ, ಅದು ಇಲ್ಲದೇ ಮೆಕ್ಕೆಜೋಳ ಹಿಟ್ಟೂ ಆಗಲ್ಲ, ಪೂರ್ತಿ ಊಟಾನೂ ಆಗಲ್ಲ.

ಗೊರ್ದೀತಾ ಅಂದ್ರೆ ಸ್ಪ್ಯಾನಿಷ್‌ನಲ್ಲಿ ಪುಟ್ಟ ಡುಮ್ಮಿ ಅಂತ. ತೋರ್ತಿಯಾ ಅನ್ನೋ ಅಲ್ಲಿನ ದಿನದ ರೊಟ್ಟಿ ತೆಳ್ಳಗೆ, ಇದು ಸುಮಾರು ಅರ್ಧ ಸೆಂಟಿಮೀಟರ್‌ಗಿಂತ ದಪ್ಪ, ಅಂಗೈ ಅಗಲ. ಮೆಕ್ಸಿಕೋದ ಉತ್ತರದ ಕಡೆ, ಸಕಾತೆಕಾಸ್, ದುರಾಂಗೋ ಎಲ್ಲಾ ಕಡೆ, ಇದನ್ನ ಕೊಮಾಲ್ ಅನ್ನೋ ಕಾವಲಿ ಮೇಲೆ ಬೇಯಿಸಿ, ಪಕ್ಕದಲ್ಲಿ ಸೀಳಿ ಬಾಯಿ ಬಿಡಿಸಿ, ಒಳಗೆ ಬೀನ್ಸ್ ಕಾಳಿನ ಗೊಜ್ಜೋ, ಹುರಿದ ಮೆಣಸಿನಕಾಯಿ ಚೀಸೋ, ಆಲೂಗಡ್ಡೆಯೋ, ಮಾಂಸದ ಗ್ರೇವಿಯೋ ತುಂಬಿ ಕೊಡ್ತಾರೆ. ಮೆಕ್ಸಿಕೋ ಸಿಟಿ ಕಡೆ ಬಂದ್ರೆ ಒಳಗೆ ಹಂದಿ ಚರ್ಮದ ಚಿಚರೋನ್ ಮೊದಲೇ ತುಂಬಿ, ಉಂಡೆ ಮುಚ್ಚಿ, ತಟ್ಟಿ ಕರಿಯೋದೂ ಇದೆ. ಎರಡಕ್ಕೂ ಬೇಕಾಗಿರೋದು ಒಂದೇ, ಸೀಳದ ಹಿಟ್ಟು. ಆ ಹಿಟ್ಟಿಗೆ ಮಾಸಾ ಅಂತಾರೆ.

ಗೋಧಿ ಹಿಟ್ಟಿನಲ್ಲಿ ಗ್ಲುಟೆನ್ ಅನ್ನೋ ಪ್ರೋಟೀನ್ ಇದೆ, ನೀರು ಬಿದ್ದ ತಕ್ಷಣ ಬಲೆ ಥರ ಹೆಣ್ಕೊಳ್ಳುತ್ತೆ, ಅದಕ್ಕೇ ಚಪಾತಿ ಎಳೆದ್ರೂ ಹರಿಯಲ್ಲ. ಮೆಕ್ಕೆಜೋಳದ ಪ್ರೋಟೀನ್ ಬೇರೆ ಜಾತಿ, ಝೀನ್ (zein) ಅಂತ ಅದರ ಹೆಸರು, ಅದು ನೀರಿಗೆ ಸೇರೋದೇ ಇಲ್ಲ. ನಮ್ಮ ಜೋಳದ ರೊಟ್ಟಿಗೂ ಇದೇ ಕಷ್ಟ, ಅದಕ್ಕೇ ಉತ್ತರ ಕರ್ನಾಟಕದಲ್ಲಿ ಕುದಿಯೋ ಎಸರು ಹೊಯ್ದು ನಾದ್ತಾರೆ, ಬಿಸಿಗೆ ಪಿಷ್ಟ ಸ್ವಲ್ಪ ಬೆಂದು ಅಂಟಾಗುತ್ತೆ, ಆ ಅಂಟೇ ರೊಟ್ಟಿಯನ್ನ ಹಿಡಿಯೋದು. ಮೆಕ್ಸಿಕೋದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದ್ರು, ಹಿಟ್ಟು ಮಾಡೋದಕ್ಕೆ ಮುಂಚೆ ಕಾಳನ್ನೇ ಸುಣ್ಣದ ನೀರಲ್ಲಿ ಬೇಯಿಸಿದ್ರು. ಹೀಗೆ ಬೆಂದ ಕಾಳಿಗೆ ನಿಸ್ತಮಾಲ್ ಅಂತ ಹೆಸರು, ಮೆಕ್ಸಿಕೋದ ಮೂಲನಿವಾಸಿಗಳ ನಹುವಾತ್ಲ್ ಭಾಷೆಯಲ್ಲಿ ಬೂದಿ ಅನ್ನೋ ಮಾತು ಮತ್ತು ತಮಾಲ್ಲಿ, ಅಂದ್ರೆ ಮೆಕ್ಕೆಜೋಳದ ಹಿಟ್ಟಿನ ಕಡುಬು, ಅನ್ನೋ ಮಾತು ಸೇರಿ ಆಗಿರೋದು. ಸುಣ್ಣ ಇಲ್ಲದ ಕಡೆ ಕಟ್ಟಿಗೆ ಬೂದಿ ಹಾಕ್ತಿದ್ರು, ಬೂದಿ ನೀರೂ ಕ್ಷಾರಾನೇ ಅಲ್ವಾ.

ಸುಣ್ಣದ ನೀರಲ್ಲಿ ಆಗೋದನ್ನ ಅಜ್ಜಿ ನನಗೆ ಕೈಯಲ್ಲೇ ತೋರಿಸಿದ್ರು. ಹಿಂದಿನ ರಾತ್ರಿ ಬೇಯಿಸಿ ಇಟ್ಟಿದ್ದ ಪಾತ್ರೆಯಿಂದ ಒಂದು ಕಾಳು ತೆಗೆದು ಹೆಬ್ಬೆರಳು ತೋರುಬೆರಳ ಮಧ್ಯ ಇಟ್ಟು ಹೊಸೆದ್ರು, ಸಿಪ್ಪೆ ಲೋಳೆ ಥರ ಜಾರಿ ಬಂತು. ಬೆಳ್ಳಗಿದ್ದ ಕಾಳು ಹಳದಿ ತಿರುಗಿತ್ತು. ಉಗುರಲ್ಲಿ ಸೀಳಿದ್ರೆ ಹೊರಗೆಲ್ಲಾ ಬೆಂದು ನಡುವೆ ಮಾತ್ರ ಚುಕ್ಕೆಯಷ್ಟು ಬಿಳೀ ಹಸಿ. "ಇಷ್ಟು ಸಾಕು, ಪೂರ್ತಿ ಬೆಂದ್ರೆ ಅದು ಗಂಜಿ," ಅಂದ್ರು.

ಕಾಳಿನ ಸಿಪ್ಪೆಯನ್ನ ಗಟ್ಟಿಯಾಗಿ ಹಿಡಿದಿರೋದು ಹೆಮಿಸೆಲ್ಯುಲೋಸ್ ಅನ್ನೋ ವಸ್ತು. ಕ್ಷಾರಕ್ಕೆ ಅದು ನಿಲ್ಲಲ್ಲ, ಕರಗಿ ಅಂಟಿನ ಹಾಗಾಗುತ್ತೆ. ಕಾಳಿನ ಒಳಗಿನ ಪಿಷ್ಟ ಅರ್ಧಂಬರ್ಧ ಬೇಯುತ್ತೆ, ಸುಣ್ಣದ ಕ್ಯಾಲ್ಸಿಯಂ ಕೂಡ ಒಳಗೆ ಇಳಿದು ಅಲ್ಲಲ್ಲಿ ಗಂಟು ಹಾಕುತ್ತೆ, ಇದೆಲ್ಲಾ ಸೇರಿ ರುಬ್ಬಿದಾಗ ಅಂಟಿಕೊಳ್ಳೋ ಮಾಸಾ ಬರುತ್ತೆ. ಬಣ್ಣ ತಿರುಗೋದು ನಮಗೆ ಹೊಸದಲ್ಲ, ಅರಿಶಿನದ ನೀರಿಗೆ ಚೂರು ಸುಣ್ಣ ಹಾಕಿದ್ರೆ ಆರತಿ ತಟ್ಟೆ ಕೆಂಪಾಗುತ್ತಲ್ಲ, ಅದೇ ಥರ ಮೆಕ್ಕೆಜೋಳದ ಬಣ್ಣದ ಕಣಗಳೂ ಕ್ಷಾರಕ್ಕೆ ತಿರುಗ್ತವೆ. ಇನ್ನು ವಾಸನೆ. ತೋರ್ತಿಯಾಗೆ ಒಂದು ಬೇರೆಯದೇ ಘಮ ಇರುತ್ತೆ, ಬರೀ ಮೆಕ್ಕೆಜೋಳದ ರೊಟ್ಟಿಗೆ ಅದು ಬರಲ್ಲ, ಅದರ ಮುಖ್ಯ ಕಾರಣ ಅಮಿನೋಅಸಿಟೋಫಿನೋನ್ ಅನ್ನೋ ಒಂದು ಅಣು, ಸುಣ್ಣದಲ್ಲಿ ಬೆಂದಾಗ ಹುಟ್ಟೋದು.

ಆದ್ರೆ ಹಿಟ್ಟು, ಬಣ್ಣ, ಘಮ ಇವೆಲ್ಲಾ ಒಂದು ಕಡೆ, ಜೀವ ಉಳಿಸೋ ಕೆಲಸ ಇನ್ನೊಂದು ಕಡೆ. ಮೆಕ್ಕೆಜೋಳ ಸುಮಾರು 9000 ವರ್ಷದ ಹಿಂದೆ ಮೆಕ್ಸಿಕೋದ ಬಾಲ್ಸಾಸ್ ನದಿ ಕಣಿವೆ ಕಡೆ ತಿಯೋಸಿಂತೆ ಅನ್ನೋ ಕಾಡುಹುಲ್ಲಿನಿಂದ ಬಂದಿದ್ದು. 1492ರ ನಂತರ ಅದು ಹಡಗು ಹತ್ತಿ ಯುರೋಪಿಗೆ ಹೋಯ್ತು, ಸುಣ್ಣದ ಪದ್ಧತಿ ಮಾತ್ರ ಹೋಗಲಿಲ್ಲ. ಬಡವರು ಅದನ್ನೇ ಬೀಸಿ ಗಂಜಿ ಕಾಯಿಸಿ ಮೂರು ಹೊತ್ತೂ ತಿಂದ್ರು. 1735ರಲ್ಲಿ ಸ್ಪೇನಿನ ಅಸ್ತೂರಿಯಾಸ್‌ನಲ್ಲಿ ಗಾಸ್ಪರ್ ಕಸಾಲ್ ಅನ್ನೋ ವೈದ್ಯ ಒಂದು ಹೊಸ ಕಾಯಿಲೆ ಗುರುತಿಸಿದ, ಕತ್ತಿನ ಸುತ್ತ ಹಾರ ಹಾಕಿದ ಹಾಗೆ ಚರ್ಮ ಕೆಂಪಾಗಿ ಸುಲಿಯೋದು, ಇವತ್ತಿಗೂ ವೈದ್ಯಕೀಯದಲ್ಲಿ ಅದಕ್ಕೆ ಕಸಾಲ್ ಹಾರ ಅಂತಾನೇ ಹೆಸರು. ಚರ್ಮ ಆದ್ಮೇಲೆ ಭೇದಿ, ಆಮೇಲೆ ಬುದ್ಧಿಭ್ರಮೆ, ಕೊನೆಗೆ ಸಾವು. ಇಟಲಿಯಲ್ಲಿ ಇದಕ್ಕೆ ಪೆಲ್ಲಾಗ್ರಾ ಅಂದ್ರು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಲಕ್ಷಾಂತರ ಜನಕ್ಕೆ ಬಂತು, ಸೋಂಕು ಅಂತಾನೇ ತುಂಬಾ ಜನ ನಂಬಿದ್ರು. 1914ರಲ್ಲಿ ಜೋಸೆಫ್ ಗೋಲ್ಡ್‌ಬರ್ಗರ್ ಅನ್ನೋ ಅಮೆರಿಕದ ವೈದ್ಯ ಇದರ ಹಿಂದೆ ಬಿದ್ದ, ಅನಾಥಾಶ್ರಮದ ಮಕ್ಕಳಿಗೆ ಹಾಲು, ಮೊಟ್ಟೆ ಎಲ್ಲಾ ಕೊಟ್ಟು ಕಾಯಿಲೆ ನಿಲ್ಲಿಸಿ ತೋರಿಸಿದ, ಊಟದಲ್ಲೇ ಏನೋ ಕೊರತೆ ಇದೆ ಅಂತ ಹೇಳಿದ, ಆ ಏನೋ ಯಾವುದು ಅಂತ ಗೊತ್ತಾಗೋ ಮುಂಚೆ 1929ರಲ್ಲಿ ತೀರ್ಕೊಂಡ. 1937ರಲ್ಲಿ ಕಾನ್ರಾಡ್ ಎಲ್ವೆಯೆಮ್ ಅನ್ನೋ ಅಮೆರಿಕದ ವಿಜ್ಞಾನಿ ಅದು ನಯಾಸಿನ್, ಅಂದ್ರೆ ಬಿ3 ವಿಟಮಿನ್ ಅಂತ ಕಂಡುಹಿಡಿದ.

ಮೆಕ್ಕೆಜೋಳದಲ್ಲಿ ನಯಾಸಿನ್ ಇಲ್ಲ ಅಂತಲ್ಲ, ಇದೆ, ಆದ್ರೆ ನಾರಿನಂಥ ವಸ್ತುವಿಗೆ ಕಟ್ಟಿಹಾಕಿದ ಹಾಗೆ ಇದೆ, ನಮ್ಮ ಹೊಟ್ಟೆಗೆ ಅದನ್ನ ಬಿಡಿಸೋಕೆ ಆಗಲ್ಲ. ಸುಣ್ಣದ ನೀರು ಆ ಕಟ್ಟು ಬಿಚ್ಚುತ್ತೆ. ಮೆಕ್ಸಿಕೋದ ಹಳ್ಳಿ ಹೆಂಗಸರು ವಿಟಮಿನ್ ಅನ್ನೋ ಮಾತು ಹುಟ್ಟೋದಕ್ಕೆ ಮೂರು ಸಾವಿರ ವರ್ಷ ಮುಂಚೆಯಿಂದ ದಿನಾ ಮಾಡ್ತಿದ್ದಿದ್ದು ಇದನ್ನೇ. ಅದರ ಜೊತೆ ಬೀನ್ಸ್ ತಿಂತಿದ್ರು, ಮೆಕ್ಕೆಜೋಳದಲ್ಲಿ ಕಡಿಮೆ ಇರೋ ಲೈಸಿನ್, ಟ್ರಿಪ್ಟೋಫ್ಯಾನ್ ಅನ್ನೋ ಅಮೈನೋ ಆಮ್ಲಗಳು, ಅಂದ್ರೆ ಪ್ರೋಟೀನಿನ ಬಿಡಿಭಾಗಗಳು, ಬೀನ್ಸ್‌ನಿಂದ ಸಿಗುತ್ತೆ, ಟ್ರಿಪ್ಟೋಫ್ಯಾನ್‌ನಿಂದ ದೇಹ ತಾನೇ ಒಂದಿಷ್ಟು ನಯಾಸಿನ್ ಮಾಡ್ಕೊಳ್ಳುತ್ತೆ. ಅಂದ್ರೆ ಬೀನ್ಸ್ ತುಂಬಿದ ಗೊರ್ದೀತಾ ಒಂದು ಪೂರ್ತಿ ಊಟ.

ಈ ಕಾಯಿಲೆ ನಮ್ಮ ದಖ್ಖನ್ನಿಗೂ ಬಂದಿತ್ತು ಅನ್ನೋದು ತುಂಬಾ ಜನಕ್ಕೆ ಗೊತ್ತಿಲ್ಲ. ಜೋಳಾನೇ ಮುಖ್ಯ ಆಹಾರ ಆಗಿದ್ದ ಬಡವರಲ್ಲಿ ಪೆಲ್ಲಾಗ್ರಾ ಕಂಡಾಗ ಹೈದರಾಬಾದಿನಲ್ಲಿದ್ದ ಪೋಷಣಾ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ಒಂದು ವಾದ ಮುಂದಿಟ್ಟರು, ಜೋಳದಲ್ಲಿ ಲ್ಯೂಸಿನ್ ಅನ್ನೋ ಇನ್ನೊಂದು ಅಮೈನೋ ಆಮ್ಲ ಜಾಸ್ತಿ, ಅದು ದೇಹ ನಯಾಸಿನ್ ಮಾಡ್ಕೊಳ್ಳೋ ದಾರಿಗೆ ಅಡ್ಡ ಬರುತ್ತೆ ಅಂತ. ಅದರ ಮೇಲೆ ಆಮೇಲೆ ವಿಜ್ಞಾನಿಗಳ ನಡುವೆ ಬೇಕಾದಷ್ಟು ಚರ್ಚೆ ಆಯ್ತು. ರೊಟ್ಟಿ ಜೊತೆ ಕಾಳುಪಲ್ಯ ಇರಲೇಬೇಕು ಅನ್ನೋ ಮನೆಗಳನ್ನ ನೋಡಿದಾಗ ನನಗೆ ಈ ಚರ್ಚೆ ನೆನಪಾಗುತ್ತೆ.

ಸರಿ, ಮನೇಲಿ ಮಾಡೋದು. ಅರ್ಧ ಕೆಜಿ ಒಣ ಮೆಕ್ಕೆಜೋಳ, ನೀವು ಗೋವಿನಜೋಳ ಅಂತೀರೋ ಮುಸುಕಿನ ಜೋಳ ಅಂತೀರೋ ಅದೇ, ದಿನಸಿ ಅಂಗಡೀದು ತಗೊಳ್ಳಿ, ಬಿತ್ತನೆ ಬೀಜದ ಅಂಗಡೀದು ಯಾವತ್ತೂ ಬೇಡ, ಅದಕ್ಕೆ ವಿಷ ಬಳಿದಿರ್ತಾರೆ. ಸುಣ್ಣ ಐದು ಗ್ರಾಂ, ತಿನ್ನೋಕೆ ಅಂತಲೇ ಮಾರೋದು, ಬಣ್ಣ ಸುವಾಸನೆ ಇಲ್ಲದ್ದು, ಗೋಡೆಗೆ ಬಳಿಯೋದಲ್ಲ. ಒಂದೂವರೆ ಲೀಟರ್ ನೀರು. ಪಾತ್ರೆ ಸ್ಟೀಲೇ ಆಗಿರಲಿ, ಅಲ್ಯೂಮಿನಿಯಂ ಸುಣ್ಣದ ನೀರಿಗೆ ಕರಗುತ್ತೆ. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ, ಉಗುರಿನ ಪರೀಕ್ಷೆ ಮಾಡಿ, ಒಲೆ ಆರಿಸಿ ರಾತ್ರಿಯೆಲ್ಲಾ ಹಾಗೇ ಬಿಡಿ. ಬೆಳಿಗ್ಗೆ ಆ ಹಳದಿ ನೀರು ಚೆಲ್ಲಿ, ಎರಡು ಮೂರು ಸಲ ಉಜ್ಜಿ ತೊಳೀರಿ, ಸಿಪ್ಪೆ ಅಲ್ಪಸ್ವಲ್ಪ ಉಳಿದ್ರೆ ಉಳೀಲಿ, ಅದೇ ಅಂಟು. ಗ್ರೈಂಡರ್‌ಗೆ ಹಾಕಿದ್ರೆ ನಮ್ಮ ಕೈ ತಾನಾಗೇ ಇಡ್ಲಿ ಹಿಟ್ಟಿನಷ್ಟು ನೀರು ಸುರಿಯುತ್ತೆ, ತಡೀಬೇಕು, ಚಮಚ ಚಮಚವಾಗಿ ಹಾಕಿ. ಉಪ್ಪು ಹಾಕಿ ನಾದಿ, ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಉಂಡೆ ಮಾಡಿ ಬೆರಳಲ್ಲಿ ಒತ್ತಿ ನೋಡಿ, ಅಂಚು ಸೀಳಿದ್ರೆ ಕೈ ಒದ್ದೆ ಮಾಡ್ಕೊಂಡು ಇನ್ನೊಂದ್ಸಲ ನಾದಿ. ಇಷ್ಟು ಪುರುಸೊತ್ತಿಲ್ಲ ಅಂದ್ರೆ ನಿಸ್ತಮಾಲ್ ಒಣಗಿಸಿ ಪುಡಿ ಮಾಡಿದ ಮಾಸಾ ಹರಿನಾ ಸಿಗುತ್ತೆ, 1949ರಲ್ಲಿ ಮೆಕ್ಸಿಕೋದ ನ್ಯೂವೋ ಲಿಯೋನ್ ರಾಜ್ಯದ ಸೆರಾಲ್ವೋ ಊರಲ್ಲಿ ಶುರುವಾದ ಕಂಪನಿಯ ಮಸೇಕಾ ಇವತ್ತು ಬಹಳ ದೇಶಗಳಲ್ಲಿ ಇದೆ. ಕಾರ್ನ್‌ಫ್ಲೋರ್ ಅಂತ ಮಾರೋದು ಬೇರೆ, ಅದು ಬರೀ ಪಿಷ್ಟ.

ಕಾವಲಿ ಚೆನ್ನಾಗಿ ಕಾದಿರಬೇಕು. ಮೊದಲನೇ ಮಗ್ಗುಲು ಒಂದು ನಿಮಿಷದೊಳಗೆ ತಿರುವಿ ಹಾಕಿ, ಎರಡನೇದು ಉರಿ ತಗ್ಗಿಸಿ ಮೂರ್ನಾಲ್ಕು ನಿಮಿಷ, ಮತ್ತೆ ತಿರುವಿದಾಗ ನೋಡ್ತಾ ಇರಿ. ಎರಡೂ ಕಡೆ ಬೆಂದ ಪಿಷ್ಟ ತೆಳು ಪೊರೆ ಕಟ್ಟಿರುತ್ತೆ, ಒಳಗಿನ ನೀರು ಆವಿಯಾಗೋದು ಈಗ, ಒಂದು ಗ್ರಾಂ ನೀರು ಆವಿಯಾದ್ರೆ ಸುಮಾರು 1.7 ಲೀಟರ್ ಜಾಗ ಬೇಕು ಅದಕ್ಕೆ, ಹೊರಗೆ ಬರೋಕೆ ಪೊರೆ ಬಿಡಲ್ಲ, ನಡುವಿನ ಮೆತ್ತನೆ ಹಿಟ್ಟನ್ನೇ ಎರಡು ಪದರ ಮಾಡಿ ಎತ್ತುತ್ತೆ. ಗೊರ್ದೀತಾ ಡುಮ್ಮಿಯಾಗೋದು ಆ ಕ್ಷಣದಲ್ಲಿ. ನನ್ನ ಮೊದಲನೇ ಹಿಟ್ಟು ಸೀಳಿತ್ತಲ್ಲ, ಆವಿ ಆ ಬಿರುಕಲ್ಲೇ ಹೊರಟುಹೋಗಿತ್ತು.

ಬಿಸಿ ಇರುವಾಗಲೇ ಬಟ್ಟೆಯಲ್ಲಿ ಹಿಡಿದು ಅಂಚಿನ ಅರ್ಧ ಸುತ್ತು ಸೀಳಿ ತುಂಬಿ. ಆರಿದ ಮೇಲೆ ಪಿಷ್ಟದ ಎಳೆಗಳು ಮತ್ತೆ ಒತ್ತಾಗಿ ಕೂತ್ಕೊಂಡು ಗಟ್ಟಿಯಾಗುತ್ತೆ, ಆಗ ಚಾಕು ಹಾಕಿದ್ರೆ ಮುರಿಯುತ್ತೆ. ಉಳಿದಿದ್ದನ್ನ ಮರುದಿನ ಚೂರು ನೀರು ಚಿಮುಕಿಸಿ ಮತ್ತೆ ಕಾವಲಿಗೆ ಹಾಕಿ, ಬಿಸಿಗೆ ಎಳೆಗಳು ಸಡಿಲ ಆಗ್ತವೆ, ಇನ್ನೊಂದು ಸಲ ಬಾಯಿ ಬಿಡುತ್ತೆ.