ನಮ್ಮ ಸೆಕೆಗೆ ಥರ್ಮೋಸ್ಟಾಟ್ ಯಾಕೆ?

ಭಾವನ ಹಳೇ ಆಟೋಮ್ಯಾಟಿಕ್ ಕಾರಿನ ಬಾನೆಟ್ ಎತ್ತಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಪೆಟ್ರೋಲ್ ಪೈಪಿಗೆ ಕಟ್ಟಿದ್ದ ಎರಡು ಕಪ್ಪು ಮ್ಯಾಗ್ನೆಟ್. ‘ಮೈಲೇಜ್ ಜಾಸ್ತಿ ಆಗುತ್ತೆ ಅಂದ್ರು, ಹಾಕಿಸ್ದೆ’ ಎಂದರು. ಪೆಟ್ರೋಲೇನು ಕಬ್ಬಿಣವಾ? ಮ್ಯಾಗ್ನೆಟ್ ಪಕ್ಕದಲ್ಲಿ ಹರಿದು ಹೋದರೆ ಅದರ ಗುಣ ಬದಲಾಗುವುದಿಲ್ಲ.

ಕಾರಿಗೆ 14 ವರ್ಷ. ಹೊಸತರಲ್ಲಿ ಹೈವೇಯಲ್ಲಿ ಲೀಟರಿಗೆ 14 ಕಿ.ಮೀ. ಕೊಡುತ್ತಿತ್ತಂತೆ. ನಾವು ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಮತ್ತೆ ಅದೇ ಬಂಕಿನಲ್ಲಿ ಫುಲ್ ಮಾಡಿಸಿ ಲೆಕ್ಕ ಹಾಕಿದೆವು. 10.4 ಬಂತು. ಭಾವನ ಬಳಿ ಕಾರಣಗಳಿಗೇನೂ ಬರವಿರಲಿಲ್ಲ: ಕಾರಿಗೆ ವಯಸ್ಸಾಯ್ತು, ಬಂಕಿನವರು ಮೋಸ ಮಾಡ್ತಾರೆ, ಪೆಟ್ರೋಲಿಗೆ ಎಥನಾಲ್ ಬೆರೆಸ್ತಾರೆ. ಕೊನೆಯದರಲ್ಲಿ ಹುರುಳಿದೆ. ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲಿನಷ್ಟು ಶಕ್ತಿ ಕಡಿಮೆ. ಶೇ. 20 ಬೆರೆಸಿದರೆ ಒಟ್ಟು 6–7% ಖೋತಾ. ಹಾಗಾದರೆ 14 ಇದ್ದದ್ದು 13 ಆಗಬೇಕು. ಉಳಿದ ಎರಡೂವರೆ ಕಿಲೋಮೀಟರ್ ಎಲ್ಲಿ ಹೋಯ್ತು?

ಟೈರಿನ ಗಾಳಿ 32 ಇರಬೇಕಾದ ಕಡೆ 25 ಇತ್ತು, ತುಂಬಿಸಿದೆವು. ಒಂದು ಸುತ್ತು ಓಡಿಸಿ ನಾಲ್ಕೂ ಚಕ್ರಗಳ ಹತ್ತಿರ ಕೈಯಿಟ್ಟು ನೋಡಿದೆವು. ಬ್ರೇಕ್ ಹಿಡಿದುಕೊಂಡಿದ್ದರೆ ಆ ಚಕ್ರ ಮಾತ್ರ ಸುಡುತ್ತಿರುತ್ತೆ. ಹಾಗೇನಿರಲಿಲ್ಲ. ನನ್ನ ತಲೆ ಕೆಡಿಸಿದ್ದು ಬೇರೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಈ ಕಾರು 9 ಕೊಡುತ್ತಿತ್ತು, ಹೈವೇಯಲ್ಲಿ ಬರೀ 10.4. ನಿಂತು ನಿಂತು ಹೋಗುವುದಕ್ಕೂ ಒಂದೇ ವೇಗದಲ್ಲಿ ಹೋಗುವುದಕ್ಕೂ ಇಷ್ಟೇನಾ ವ್ಯತ್ಯಾಸ? ಆಗ ನನಗೆ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂತಿರುವ ಟಾರ್ಕ್ ಕನ್ವರ್ಟರ್ ಮೇಲೆ ಅನುಮಾನ ಬಂತು.

ಇದು ನನಗೆ ತುಂಬಾ ಇಷ್ಟವಾದ ಯಂತ್ರ, ಸ್ವಲ್ಪ ಸಹಿಸಿಕೊಳ್ಳಿ. ಎರಡು ಟೇಬಲ್ ಫ್ಯಾನ್‌ಗಳನ್ನು ಎದುರುಬದುರು ಇಡಿ. ಒಂದನ್ನು ಮಾತ್ರ ಹಾಕಿ. ಅದರ ಗಾಳಿಗೆ ಇನ್ನೊಂದರ ರೆಕ್ಕೆಯೂ ತಿರುಗುತ್ತೆ. ಗಾಳಿಯ ಬದಲು ಎಣ್ಣೆ ಅಂದುಕೊಳ್ಳಿ. ಇಂಜಿನ್ ಒಂದು ಫ್ಯಾನ್ ತಿರುಗಿಸುತ್ತೆ, ಗೇರ್‌ಬಾಕ್ಸ್ ಇನ್ನೊಂದಕ್ಕೆ ಅಂಟಿಕೊಂಡಿದೆ, ನಡುವೆ ಎಣ್ಣೆ ಬಿಟ್ಟರೆ ಬೇರೆ ಸಂಬಂಧವಿಲ್ಲ. ಫ್ಯಾನ್ ಬೇಡ ಅಂದರೆ ಮಜ್ಜಿಗೆ ಕಡೆಯುವುದನ್ನು ನೆನಪಿಸಿಕೊಳ್ಳಿ. ಪಾತ್ರೆಯನ್ನು ಕೈಯಲ್ಲಿ ಹಿಡಿಯದಿದ್ದರೆ ಕಡಗೋಲಿನ ಜೊತೆ ಅದೂ ತಿರುಗಲು ಶುರುವಾಗುತ್ತೆ, ಅಲ್ವಾ? ಕಡಗೋಲು ಪಾತ್ರೆಯನ್ನು ಮುಟ್ಟಿಲ್ಲ, ತಿರುಗಿಸಿದ್ದು ಮಜ್ಜಿಗೆ. ಆದರೆ ಪಾತ್ರೆ ಯಾವತ್ತೂ ಕಡಗೋಲಿಗಿಂತ ಒಂಚೂರು ಹಿಂದೆಯೇ. ಈ ‘ಹಿಂದೆ’ ಬೀಳುವುದೇ ನಷ್ಟ. ಆ ಶಕ್ತಿಯೆಲ್ಲ ಎಣ್ಣೆ ಬಿಸಿ ಮಾಡುವುದಕ್ಕೆ ಹೋಗುತ್ತೆ.

ಇದನ್ನು ಕಂಡುಹಿಡಿದ ಹರ್ಮನ್ ಫ್ಯೋಟಿಂಗರ್ ತಲೆಯಲ್ಲಿ ಕಾರು ಇರಲೇ ಇಲ್ಲ. ಅವರು ಆಗ ಜರ್ಮನಿಗೆ ಸೇರಿದ್ದ ಸ್ಟೆಟಿನ್ ಊರಿನ ಹಡಗುಕಟ್ಟೆಯ ಇಂಜಿನಿಯರ್. ಉಗಿ ಟರ್ಬೈನ್ ವಿಪರೀತ ವೇಗವಾಗಿ ತಿರುಗುತ್ತೆ, ಹಡಗಿನ ಪಂಖ ನಿಧಾನ ತಿರುಗಬೇಕು. ಎರಡರ ನಡುವೆ ದ್ರವ ಇಡೋಣ ಅಂತ 1905ರಲ್ಲಿ ಪೇಟೆಂಟ್ ಪಡೆದರು. ಕಾರಿಗೆ ಬಂದ ಮೇಲೆ ಅಮೆರಿಕದ ಪ್ಯಾಕರ್ಡ್ ಕಂಪನಿ 1949ರಲ್ಲಿ ಒಂದು ಉಪಾಯ ಮಾಡಿತು: ವೇಗ ಹಿಡಿದ ಮೇಲೆ ಎರಡು ಫ್ಯಾನ್‌ಗಳನ್ನೂ ಒಂದು ಕ್ಲಚ್ಚಿನಿಂದ ಬಿಗಿದುಬಿಡುವುದು. ಆಮೇಲೆ ಜಾರುವ ಮಾತೇ ಇಲ್ಲ. ಇದಕ್ಕೆ ಲಾಕ್-ಅಪ್ ಅನ್ನುತ್ತಾರೆ. ಆಗ ಪೆಟ್ರೋಲ್ ಅಗ್ಗ, ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. 1973ರ ತೈಲ ಬಿಕ್ಕಟ್ಟು ಬಂದ ಮೇಲೆ ಎಲ್ಲರಿಗೂ ಇದು ನೆನಪಾಯಿತು.

ಲಾಕ್-ಅಪ್ ಆಗುತ್ತಿದೆಯಾ ಅಂತ ನೋಡುವುದು ಸುಲಭ. ತುಮಕೂರು ರಸ್ತೆಯಲ್ಲಿ ಬೆಳಗಿನ ಜಾವ, ಹಿಂದೆ ಯಾರೂ ಇಲ್ಲದಾಗ, 80ರಲ್ಲಿ ಒಂದೇ ಸಮನೆ ಹೋಗುತ್ತಾ ಎಡಗಾಲಿನಿಂದ ಬ್ರೇಕ್ ಪೆಡಲನ್ನು ಸುಮ್ನೆ ಮುಟ್ಟಿದೆ. ದೀಪ ಹತ್ತಿದರೆ ಸಾಕು, ಕಾರು ನಿಧಾನವಾಗಬೇಕಿಲ್ಲ. ಬ್ರೇಕ್ ಮುಟ್ಟಿದ ಕೂಡಲೇ ಕ್ಲಚ್ ಬಿಡುತ್ತೆ, ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತೆ ಅಂತ ತೋರಿಸುವ ಆರ್‌ಪಿಎಂ ಮುಳ್ಳು ಮೇಲಕ್ಕೆ ಹಾರಬೇಕು. ಹಾರಲಿಲ್ಲ. 2,300ರಲ್ಲೇ ಇತ್ತು. ಬಿಗಿದೇ ಇಲ್ಲದ್ದು ಬಿಡುವುದಾದರೂ ಹೇಗೆ?

ಇಲ್ಲಿಗೆ ‘ಗೇರ್‌ಬಾಕ್ಸ್ ಹೋಯ್ತು’ ಅಂತ ತೀರ್ಪು ಕೊಟ್ಟುಬಿಡುತ್ತಾರೆ. ಲಕ್ಷದ ಮಾತು. ನಾನು ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಚಿಕ್ಕ ಸ್ಕ್ಯಾನರ್ ಸಿಕ್ಕಿಸಿ ಮೊಬೈಲಿನಲ್ಲಿ ನೋಡಿದೆ. ಅರ್ಧ ಗಂಟೆ ಓಡಿದ ಇಂಜಿನ್ನಿನ ಕೂಲೆಂಟ್, ಅಂದರೆ ಅದನ್ನು ತಣಿಸುವ ದ್ರವ, 58 ಡಿಗ್ರಿ! 85ರ ಮೇಲಿರಬೇಕಿತ್ತು. ಈ ಕಾರಿನಲ್ಲಿ ಬಿಸಿ ತೋರಿಸುವ ಮುಳ್ಳಿಲ್ಲ, ಇಂಜಿನ್ ತಣ್ಣಗಿದ್ದಾಗ ಉರಿಯುವ ಒಂದು ನೀಲಿ ದೀಪ ಇದೆ. ಅದು ಆರಿಹೋದ ಮೇಲೆ ಒಳಗೇನಾಗುತ್ತಿದೆ ಅಂತ ಗೊತ್ತಾಗುವುದೇ ಇಲ್ಲ.

ಪಾಪ, ಕಾರಿನೊಳಗಿನ ಕಂಪ್ಯೂಟರಿನದ್ದು ತಪ್ಪಿಲ್ಲ. ಇಂಜಿನ್ ಇನ್ನೂ ತಣ್ಣಗಿದೆ ಅಂತ ಅದು ನಂಬಿದೆ. ತಣ್ಣಗಿನ ಗೋಡೆಗೆ ಪೆಟ್ರೋಲ್ ಆವಿಯಾಗದೆ ಅಂಟಿಕೊಳ್ಳುತ್ತೆ, ಅದಕ್ಕೇ ಸ್ವಲ್ಪ ಜಾಸ್ತಿ ಸುರಿಯುತ್ತೆ. ಬಿಸಿಯಾಗುವವರೆಗೆ ಲಾಕ್-ಅಪ್ ಬೇಡ ಅಂತಲೂ ಅದಕ್ಕೆ ಹೇಳಿಕೊಟ್ಟಿದೆ. ಒಂದೇ ಕಾರಣಕ್ಕೆ ಎರಡು ಕಡೆಯಿಂದ ಹೊಡೆತ. ಟ್ರಾಫಿಕ್ಕಿನಲ್ಲಿ ಗಾಳಿ ಬೀಸದೆ ಇಂಜಿನ್ ಹೇಗೋ ಬಿಸಿಯಾಗುತ್ತಿತ್ತು, ಹೈವೇಯಲ್ಲಿ ರೇಡಿಯೇಟರ್ ಅದನ್ನು ತಣಿಸಿಬಿಡುತ್ತಿತ್ತು.

ಹಾಗೆ ತಣಿಸದಂತೆ ತಡೆಯಬೇಕಾದದ್ದು ಥರ್ಮೋಸ್ಟಾಟ್. ಇಂಜಿನ್ ಬಿಸಿಯಾಗುವವರೆಗೆ ಕೂಲೆಂಟ್ ರೇಡಿಯೇಟರಿಗೆ ಹೋಗದಂತೆ ಮುಚ್ಚಿಕೊಂಡಿರುವ ಪುಟ್ಟ ಮುಚ್ಚಳ ಅದು. ಅದರ ಮನೆಯ ಎರಡು ಬೋಲ್ಟ್ ಬಿಚ್ಚಿದರೆ ಒಳಗೆ ಏನೂ ಇಲ್ಲ! ಭಾವನಿಗೆ ಆಗ ನೆನಪಾಯಿತು. ಮೂರು ವರ್ಷದ ಹಿಂದೆ ಒಮ್ಮೆ ಕಾರು ಬಿಸಿಯಾಗಿ ನಿಂತಿತ್ತು. ಮೆಕ್ಯಾನಿಕ್ಕೊಬ್ಬರು ‘ಇದೆಲ್ಲ ಚಳಿ ದೇಶದವರಿಗೆ ಸಾರ್, ನಮ್ಮ ಸೆಕೆಗೆ ಯಾಕೆ’ ಅಂತ ಕಿತ್ತು ಬಿಸಾಕಿದ್ದರು. ಮ್ಯಾಗ್ನೆಟ್ಟಿಗಿಂತ ಅಪಾಯದ ಮೂಢನಂಬಿಕೆ ಇದು. ಮ್ಯಾಗ್ನೆಟ್ ಏನೂ ಮಾಡುವುದಿಲ್ಲ, ಇದು ಮೂರು ವರ್ಷ ಪೆಟ್ರೋಲ್ ಕುಡಿಯಿತು. ನಮ್ಮ ಸೆಕೆ ಎಷ್ಟೇ ಇರಲಿ, 40 ಡಿಗ್ರಿ ದಾಟಿದರೆ ಪೇಪರಿನಲ್ಲಿ ಬರುತ್ತೆ. ಇಂಜಿನ್ ಕೇಳುವುದು ಅದರ ಎರಡರಷ್ಟು.

ಹೊಸದನ್ನು ಹಾಕುವ ಮೊದಲು ಅಡುಗೆಮನೆಗೆ ತಂದೆ. ಅಕ್ಕ ಒಂದು ಹಳೇ ಪಾತ್ರೆ ಕೊಟ್ಟಳು. ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಒಲೆ ಹಚ್ಚಿದೆವು. ಅಂಚಿನಲ್ಲಿ 82 ಅಂತ ಕೆತ್ತಿದೆ. ನಡುವಿನ ಹಿತ್ತಾಳೆ ಬಟ್ಟಲಿನಲ್ಲಿ ಮೇಣ ತುಂಬಿರುತ್ತೆ. ಥರ್ಮಾಮೀಟರ್ 80 ತೋರಿಸುವವರೆಗೂ ಮುಚ್ಚಳ ಅಲುಗಾಡಲಿಲ್ಲ. 83ಕ್ಕೆ ಬಂದಾಗ ಕೂದಲೆಳೆಯಷ್ಟು ಸಂದು ಕಾಣಿಸಿತು. ಕರಗಿದ ಮೇಣ ಉಬ್ಬಿ ಒಳಗಿನ ಕಡ್ಡಿಯನ್ನು ತಳ್ಳುತ್ತಿತ್ತು. ನೀರು ಕುದಿಯುವ ಹೊತ್ತಿಗೆ ಸಂದಿನಲ್ಲಿ ಕಡಲೆಬೀಜ ತೂರುವಷ್ಟು ಜಾಗ. ವೈರಿಲ್ಲ, ಸೆಲ್ಲಿಲ್ಲ, ಬರೀ ಮೇಣ.

ಅದನ್ನು ಕೂರಿಸಿ, ಕೂಲೆಂಟ್ ತುಂಬಿ, ಗಾಳಿಗುಳ್ಳೆ ತೆಗೆದು ಮತ್ತೆ ಅದೇ ರಸ್ತೆಗೆ ಹೋದೆವು. 86 ಡಿಗ್ರಿ. 80ರಲ್ಲಿ ಹೋಗುವಾಗ ಮುಳ್ಳು ತಾನಾಗಿ 2,050ಕ್ಕೆ ಇಳಿದು ನಿಂತಿತು. ಬ್ರೇಕ್ ಮುಟ್ಟಿದರೆ ಟಕ್ಕಂತ ಹಾರಿತು. ಮುಂದಿನ ಟ್ಯಾಂಕಿನಲ್ಲಿ 12.6 ಬಂತು.

ಮ್ಯಾಗ್ನೆಟ್ ಬಿಚ್ಚಲು ಕೈ ಹಾಕಿದೆ. ಭಾವ ತಡೆದರು. ‘ಇರ್ಲಿ ಬಿಡೋ, ಅದೂ ಒಂಚೂರು ಕೆಲಸ ಮಾಡಿರಬಹುದು.’